ಗ್ರಹಣದ ದಿನ ಕುಣಿದ ಮುಳ್ಳು

ಅವತ್ತು ಸೂರ್ಯಗ್ರಹಣ. ಬೆಳಿಗ್ಗೆ ಒಂಬತ್ತಕ್ಕೆ, ಜಾವಾದ ಬೆಂಕಿಬೆಟ್ಟವೊಂದರ ಮಗ್ಗುಲಲ್ಲಿದ್ದ ಕಾವಲು ಕಚೇರಿಯಲ್ಲಿ ಕಂಪನ ಅಳೆಯುವ ಯಂತ್ರದ ಮುಳ್ಳು ದೆವ್ವ ಮೆಟ್ಟಿದವರ ಹಾಗೆ ಕುಣಿಯತೊಡಗಿತು. ಕಾವಲುಗಾರ ವಾಗಿಮಾನ್ ಬೆಚ್ಚಿದ ರಭಸಕ್ಕೆ ಅವನ ಕೈಲಿದ್ದ ಕಾಫಿಯಿಂದ ಯಂತ್ರಕ್ಕೆ ಅಭಿಷೇಕವಾಯಿತು.

ಆ ವರ್ಷ ಅವನು ಎರಡು ಸಲ ಸುಮ್ಮಸುಮ್ಮನೆ ಸೈರನ್ ಊದಿ ಊರು ಖಾಲಿ ಮಾಡಿಸಿದ್ದ. "ಇನ್ನೊಂದು ತಪ್ಪಾದ್ರೆ ಬೆಟ್ಟವೇ ಇಲ್ಲದ ಊರಿಗೆ ಎತ್ತಂಗಡಿ," ಎಂದಿದ್ದರು ಮೇಲಧಿಕಾರಿ ಹಾರ್ತೊಯೋ. ಹೆಂಡತಿ, ಮನೆ, ಬೆಟ್ಟದ ಬೂದಿ ತಿಂದು ಸೊಂಟದೆತ್ತರ ಬೆಳೆದ ಮೆಣಸಿನ ಗಿಡ, ಎಲ್ಲ ಇಲ್ಲೇ. ಆದರೂ ಮುಳ್ಳು ಸುಳ್ಳಾಡುತ್ತದೆಯೇ? ಕಣ್ಣು ಮುಚ್ಚಿ ಸೈರನ್ ಒತ್ತಿದ.

ಗಂಡಸರು ಹಸು, ಟೀವಿ, ಅತ್ತೆ, ಇದೇ ಕ್ರಮದಲ್ಲಿ ಲಾರಿ ಹತ್ತಿಸಿದರು. ಉಳಿದ ಹೆಂಗಸರ ಸುಳಿವಿಲ್ಲ. ವಾಗಿಮಾನ್ ಹುಡುಕುತ್ತ ಓಡಿದರೆ, ಮುಳ್ಳಿಗೆ ನೆಲದ ನಡುಕದ ಸುದ್ದಿ ಮುಟ್ಟಿಸುವ ಪೆಟ್ಟಿಗೆ ಹೂತಿದ್ದ ಜಾಗದ ಮೇಲೇ ಹತ್ತು ಜನ ಸಾಲಾಗಿ ನಿಂತು ಖಾಲಿ ಒರಳು ಕುಟ್ಟುತ್ತಿದ್ದಾರೆ!

"ಕಾರ್ಸಿ ಅಜ್ಜೀ, ನಿಲ್ಸೀ! ಬೆಟ್ಟ ಸಿಡೀತಿದೆ ಅಂತಿದೆ ಯಂತ್ರ!"

"ಅಲ್ಲಿ ರಾಹು ಸೂರ್ಯನ್ನ ನುಂಗ್ತಿದಾನೆ. ಒನಕೆ ಸದ್ದಿಲ್ದೆ ಉಗೀತಾನಾ? ನಿನ್ನ ಪೀಪಿಗೆ ಹೆದರ್ತಾನಾ?"

"ಆ ಕಡೆ ಹೋಗಿ ಕುಟ್ಟಿ!"

"ಇಲ್ಲೇ ನೆಲ ಮಟ್ಟಸವಾಗಿದೆ ಮಗಾ. ಸರ್ಕಾರದವ್ರೇ ಮಾಡ್ಸಿದ್ದು."

ಮುಳ್ಳನ್ನು ಕುಣಿಸಿದ್ದು ಒನಕೆಯೇ ಎಂದು ಖಾತ್ರಿಯಾಯಿತು. ವಾಗಿಮಾನ್ ಪ್ರಾಮಾಣಿಕ. ವಾಪಸ್ ಓಡಿ, ವೈರ್‌ಲೆಸ್‌ನಲ್ಲಿ 'ತಪ್ಪು ಎಚ್ಚರಿಕೆ, ಹಿಂದಕ್ಕೆ ತೆಗೆದುಕೊಂಡಿದೆ' ಎಂದು ಹೇಳಿ, ಕಚೇರಿಯ ದಾಖಲೆ ಪುಸ್ತಕದಲ್ಲೂ ಅದನ್ನೇ ಬರೆದು ಸಹಿ ಹಾಕಿದ. ಲಾರಿಗಳು ತಿರುಗಿ ಬಂದವು.

"ಲೇ ವಾಗಿಮಾನ್, ಮುಂದಿನ್ಸಲ ನಿನ್ನ ಬಾಯಿಗೇ ಒನಕೆ ಹಾಕ್ತೀವಿ!" ಎಂದರು ಲಾರಿಯಿಂದ ಇಳಿದ ಗಂಡಸರು.

ರಾಹು ಸೂರ್ಯನನ್ನು ಉಗಿದ. ಹೆಂಗಸರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಬೆಟ್ಟ, ಮುದುಕರು ಗಂಟಲು ಸರಿಮಾಡಿಕೊಳ್ಳುವ ಹಾಗೆ ಗುರುಗುಟ್ಟಿ, ಒಂದೇ ಸಲ ಬೂದಿ ಕೆಮ್ಮಿತು. ಯಾರೂ ಸಾಯಲಿಲ್ಲ. ಊರಿಗೆ ಊರೇ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿತ್ತು, ಅಷ್ಟೆ.

ಮಧ್ಯಾಹ್ನ ಹಾರ್ತೊಯೋ ಜೀಪಿನಲ್ಲಿ ಬಂದು ಪುಸ್ತಕ ತಿರುವಿದರು.

"ಒಂದು ಗಂಟೆ ಮುಂಚೇನೇ ಎಚ್ಚರಿಕೆ! ಭೇಷ್! ಹೇಗಯ್ಯಾ ಗೊತ್ತಾಯ್ತು?"

"ಅಜ್ಜಿ ಒನಕೆಯಿಂದ, ಸಾರ್."

"ಇದನ್ನ ಹಿಂದಕ್ಕೆ ತಗೊಂಡಿದ್ದು?"

"ನಾನು, ಸಾರ್."

ಹಾರ್ತೊಯೋ ಅವನನ್ನು ದಾಟಿಕೊಂಡು ಹೋಗಿ, ಒನಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾರ್ಸಿ ಅಜ್ಜಿಯ ಕೈ ಕುಲುಕಿದರು.

ಸಂಜೆಯೊಳಗೆ ಎರಡು ಆದೇಶ ಬಂದವು. ಅಜ್ಜಿಗೆ ಪ್ರಶಸ್ತಿ ಪತ್ರ. ವಾಗಿಮಾನನಿಗೆ ಕಡಲತೀರಕ್ಕೆ ಎತ್ತಂಗಡಿ. ಕಾರಣ, ಇಲಾಖೆಯ ಉಪಕರಣವನ್ನು ನಂಬದೇ ಹೋದದ್ದು.