ಹುಲಿ ತೋರಿಸೋ ವ್ಯಾನು

"ರೀ, ಒಂದು ಹುಲೀನಾದ್ರೂ ನಿಜವಾಗ್ಲೂ ನೋಡ್ಕೊಂಡು ಬನ್ನಿ."

ಆಸ್ಪತ್ರೇಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಏಳಲಿಲ್ಲ.

ನಾನು ಆರ್.ಟಿ. ನಗರದವನು. ಸ್ವಂತ ವ್ಯಾನು. ಹದಿನಾಲ್ಕು ವರ್ಷ ಜನರನ್ನ ಹುಲಿ ನೋಡೋಕೆ ಬಂಡೀಪುರಕ್ಕೆ ಕರ್ಕೊಂಡು ಹೋದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು, ಬರೆಯೋದು ನಿಧಾನ. ಈ ಕೆಲಸದಲ್ಲಿ ನಗೋ ಅಂಥದ್ದು ಏನಾದ್ರೂ ಒಂದು ಆಗ್ತಾನೇ ಇತ್ತು. ಹುಲಿ ಮಾತ್ರ ಕಾಣ್ತಾ ಇರಲಿಲ್ಲ.

ಟೀ ಅಂಗಡಿ ಹುಲಿ

ಹುಲಿ ಕಾಣಲಿಲ್ಲ ಅಂತ ಮನೇಲಿ ಹೇಳೋಕೆ ಯಾರಿಗೂ ಮನಸ್ಸಿಲ್ಲ. ಅಷ್ಟು ದೂರ ಹೋಗಿ ಜಿಂಕೆ ನೋಡ್ಕೊಂಡು ಬಂದ್ರಾ ಅಂತಾರೆ. ಅದಕ್ಕೆ ಒಂದು ಪದ್ಧತಿ ಇತ್ತು. ವಾಪಸ್ ಬರ್ತಾ, ಮಂಡ್ಯ ದಾಟಿದ ಮೇಲೆ ಒಂದು ಟೀ ಅಂಗಡಿ. ಅಲ್ಲಿ ಎಲ್ಲರೂ ಕೂತು, ಹುಲಿ ಎಷ್ಟು ಉದ್ದ, ಯಾವ ಕಡೆಯಿಂದ ಬಂತು ಅಂತ ಮಾತಾಡಿ ಒಪ್ಕೊಳ್ಳೋದು. ನಾನೂ ಒಪ್ಕೊಳ್ತಿದ್ದೆ. ಮನೇಗೆ ಹೋಗಿ ಹೆಂಡತಿಗೂ ಅದನ್ನೇ ಹೇಳ್ತಿದ್ದೆ. ಅವಳು ಕೈಕೆಲಸ ಬಿಟ್ಟು ಕೇಳೋಳು.

ಒಂದ್ಸಲ ಯಶವಂತಪುರದ ಬಟ್ಟೆ ಅಂಗಡಿ ಸಾಹೇಬರು ಮನೆಯವರನ್ನ ಕರ್ಕೊಂಡು ಬಂದಿದ್ರು. ಟೀ ಕುಡೀತಾ ಹೆಂಗಸರು ತೀರ್ಮಾನ ಮಾಡಿದ್ರು: ಹುಲಿ ಒಂದು, ಎಂಟು ಅಡಿ, ಎಡಗಡೆಯಿಂದ. ಸಾಹೇಬರು ವ್ಯಾನಲ್ಲೇ ಗೊರಕೆ. ಊರಿಗೆ ಬಂದಾಗ ಬಾಗಿಲಲ್ಲಿ ಅವರ ತಾಯಿ ನಿಂತಿದ್ರು.

"ಹುಲಿ ಸಿಕ್ತಾ?"

"ಸಿಕ್ತು," ಅಂದ್ರು ಸೊಸೆ.

"ಯಾವಾಗ?" ಅಂದ್ರು ಸಾಹೇಬರು.

ಮುದುಕಿ ಮಗನ ತಲೆಗೆ ಮೊಟಕಿದ್ರು. "ಮಲಗೋಕೆ ಬಂಡೀಪುರಕ್ಕೆ ಯಾಕೋ ಹೋದೆ? ಮನೇಲಿ ಮಂಚ ಇರಲಿಲ್ವಾ?"

ತಾತನ ಪೇಟ

ರಾಜಾನುಕುಂಟೆ ಕಡೆಯ ಗೌಡರೊಬ್ಬರು. ಕಾಡಿಗೆ ಕಾಲಿಟ್ಟ ಕೂಡಲೇ ಗಾರ್ಡ್ ಹತ್ರ ಜಗಳ.

"ಉಲಿ ಒಡುದಿದ್ದಕ್ಕೆ ನಮ್ ತಾತಂಗೆ ಪೇಟ ಸುತ್ತುದ್ರು. ಈಗ ಒಡುದ್ರೆ ಬೇಡಿ ಆಕ್ತೀರಂತೆ. ಇದ್ಯಾವ ನ್ಯಾಯ?"

"ಎಷ್ಟು ಹೊಡೆದಿದ್ರು ತಾತ?"

"ಏಳು."

ಗಾರ್ಡು ಬೀಡಿ ಆರಿಸಿದ. "ಒಂದ್ ಬಿಟ್ಟಿದ್ರೆ ಇವತ್ತು ನಿಮಗೆ ತೋರಿಸ್ತಿದ್ದೆ ಗೌಡ್ರೇ."

ಹೆಜ್ಜೆ ಅಚ್ಚು

ಆಗ ಹುಲಿ ಎಷ್ಟು ಉಳಿದಿವೆ ಅಂತ ಎಣಿಸ್ತಿದ್ದುದು ಹೆಜ್ಜೆ ನೋಡಿ. ಮಣ್ಣಲ್ಲಿ ಬಿದ್ದ ಗುರುತಿಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯೋರು. ಆ ಕೆಲಸಕ್ಕೆ ಹೋದ ಕಾಲೇಜು ಮೇಷ್ಟ್ರೊಬ್ಬರು, ಅಂಚು ಒಡೆದಿದ್ದ ಒಂದು ಅಚ್ಚು ನನಗೆ ಕೊಟ್ಟರು. ಹೆಂಡತಿ ಅದನ್ನ ತಿರುಗಿಸಿ ನೋಡಿ, ಹಾಲಿನ ಪಾತ್ರೆ ಮುಚ್ಚಳದ ಮೇಲೆ ಇಟ್ಟಳು.

"ಹುಲಿ ಹೆಜ್ಜೆ ಕಣೇ ಅದು," ಅಂದೆ.

"ಅದಕ್ಕೇ ಇಟ್ಟಿದ್ದು. ಬೆಕ್ಕಿಗೆ ಗೊತ್ತಾಗಲಿ."

ಬೆಕ್ಕು ಅವತ್ತೇ ಅದನ್ನ ತಳ್ಳಿ ಹಾಲು ಕುಡೀತು. ಅವಳು ನೆಲ ಒರೆಸ್ತಾ ಹೇಳಿದಳು: "ನಿಮ್ಮ ಹುಲಿ ಮೇಲೆ ಬೆಕ್ಕಿಗೂ ನಂಬಿಕೆ ಇಲ್ವಲ್ರೀ."

ಮುಂದಿನ ಸೀಟು

ಹೆಬ್ಬಾಳದ ಒಂದು ಕುಟುಂಬ ಹೊರಟಾಗ ಒಂದು ಸೀಟು ಖಾಲಿ ಉಳೀತು. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಹೊಸ ಸೀರೆ. ಎರಡು ದಿನ ಕಣ್ಣು ಮಿಟುಕಿಸದೆ ನೋಡಿದಳು. ನವಿಲು, ಕಾಟಿ, ಆನೆ ಲದ್ದಿ. ಅಷ್ಟೇ.

ವಾಪಸ್ ಬರ್ತಾ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸೋದೇ ಬೇಡ ಅಂತ ಯೋಚನೆ ಮಾಡಿದೆ. ಹೆಬ್ಬಾಳದವರು ಬಿಡಲಿಲ್ಲ. ಮಾತು ಶುರುವಾಯ್ತು. "ಬಲಗಡೆಯಿಂದ ಬಂತು ಅನ್ನೋಣ," ಅಂದ್ರು ಆ ಮನೆ ಅಮ್ಮ. ನಾನು ಲೋಟದೊಳಗೆ ನೋಡ್ತಾ ಕೂತೆ. ಇಷ್ಟು ವರ್ಷದ ನನ್ನ ಹುಲಿಗಳೆಲ್ಲ ಎಲ್ಲಿ ಹುಟ್ಟಿದ್ದು ಅಂತ ಹೆಂಡತಿಗೆ ಅಲ್ಲೇ ತಿಳಿದುಹೋಯ್ತು. ನನ್ನ ಕಡೆ ಒಂದ್ಸಲ ನೋಡಿದಳು.

"ಬಲಗಡೆ ಬೇಡ ಕಣ್ರಮ್ಮ," ಅಂದಳು. "ನಮ್ಮನೆಯವರ ಹುಲಿಗಳೆಲ್ಲ ಎಡಗಡೆಯಿಂದಲೇ ಬರೋದು."

ಆರು ತಿಂಗಳಿಗೆ ಕಾಯಿಲೆ ಬಿದ್ದಳು.

ಒಂದು

ಅವಳ ಕಾರ್ಯ ಎಲ್ಲ ಮುಗಿದ ಮೇಲೆ ಖಾಲಿ ವ್ಯಾನು ತಗೊಂಡು ಒಬ್ಬನೇ ಹೋದೆ. ಹಳೇ ಗಾರ್ಡು ಬೆಳಗಿನ ಜಾವ ಕೆರೆ ಹತ್ರ ಕೂರಿಸಿದ. ಮೂರು ದಿನ ಏನಿಲ್ಲ. ನಾಲ್ಕನೇ ದಿನ ಬಂತು. ಹಿಂಗಾಲು ಮೊದಲು ಇಳಿಸ್ಕೊಂಡು, ಹಿಂದ್ಹಿಂದಕ್ಕೆ ನೀರಿಗಿಳಿದು ಕುತ್ತಿಗೆವರೆಗೂ ಮುಳುಗಿ ಕೂತ್ಕೊಳ್ತು. ಟೀ ಅಂಗಡೀಲಿ ಇಂಥದ್ದನ್ನ ಯಾರೂ ಹೇಳಿರಲಿಲ್ಲ.

"ನಿಮ್ಮನೆಯವರನ್ನೂ ಕರ್ಕೊಂಡು ಬರಬೇಕಿತ್ತು," ಅಂದ ಗಾರ್ಡು. ಅವನಿಗೆ ವಿಷಯ ಗೊತ್ತಿರಲಿಲ್ಲ. ನಾನು ಹೂಂ ಅಂದೆ.

ಸಂಜೆಗೆ ಮನೆ ಸೇರಿದೆ. ಮರುದಿನ ಬೆಳಿಗ್ಗೆ ಅಟ್ಟೂರಿನ ಪಾರ್ಟಿ ಬ್ಯಾಗು ಹಿಡ್ಕೊಂಡು ನಿಂತಿತ್ತು.

"ಡ್ರೈವರ್, ಹುಲಿ ಗ್ಯಾರಂಟಿ ತಾನೇ?"

ಇಷ್ಟು ವರ್ಷ "ಗ್ಯಾರಂಟಿ ಸಾರ್" ಅಂತಿದ್ದೆ.

"ಹದಿನಾಲ್ಕು ವರ್ಷಕ್ಕೆ ಒಂದು ಕಾಣುತ್ತೆ ಸಾರ್," ಅಂದೆ. "ನಿನ್ನೆ ತಾನೇ ಬಂದು ಹೋಯ್ತು."

ಗಾಡಿ ಸ್ಟಾರ್ಟ್ ಮಾಡಿದೆ.