ಆಷಾಢದಲ್ಲಿ ಪಿಎಚ್‌ಪಿ ಬದಲಿಸಿದ್ದು

ದೊಡ್ಡಬಳ್ಳಾಪುರದಲ್ಲಿ ಕೂತು ಊರವರ ವೆಬ್‌ಸೈಟ್ ನೋಡಿಕೊಳ್ಳುವ ನನ್ನಂಥವಳಿಗೆ ಎದೆ ಧಸಕ್ಕೆನ್ನುವ ಪ್ರಸಂಗಗಳಿಗೆ ಬರವಿಲ್ಲ. ಹೆದರುವವಳು ನಾನು, ನಗುವವರು ಕೇಳಿದವರು. ಆ ಹೆದರಿಕೆಯ ಹೆಸರು ಪಿಎಚ್‌ಪಿ. ವೆಬ್‌ಸೈಟನ್ನು ಒಳಗಿನಿಂದ ನಡೆಸುವ ಈ ತಂತ್ರಾಂಶದ ಪ್ರತಿ ಆವೃತ್ತಿಗೂ ಆಯಸ್ಸಿದೆ. ಅದು ಮುಗಿದ ಮೇಲೆ ತೂತು ಬಿದ್ದರೆ ಮುಚ್ಚುವವರಿಲ್ಲ, ನುಗ್ಗುವವರು ಮಾತ್ರ ಇರುತ್ತಾರೆ. ನಮ್ಮ ಸರ್ವರಿನಲ್ಲಿದ್ದದ್ದು ಆಯಸ್ಸು ತೀರಿ ವರ್ಷಗಳಾದ ಆವೃತ್ತಿ. ಬದಲಿಸಿದರೆ ಹಳೆಯ ಸೈಟುಗಳು ನಿಂತೇಹೋಗಬಹುದು. ಬದಲಿಸದಿದ್ದರೆ ಕಳ್ಳರು.

ಗೋಡೆ ಬರಹ

ನನ್ನ ದೊಡ್ಡ ಗಿರಾಕಿ ತೂಬಗೆರೆ ಕಡೆಯ ಕಲ್ಯಾಣ ಮಂಟಪದ ಯಜಮಾನರು. ಅವರು ಬಿಟ್ಟುಹೋದರೆ ನನ್ನ ಅಂಗಡಿಗೆ ಬೀಗವೇ. ಆವೃತ್ತಿ ಬದಲಿಸೋಣ ಎಂದಾಗಲೆಲ್ಲ, ನಡೀತಿರೋದನ್ನ ಯಾಕೆ ಕೆದಕ್ತೀಯ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರ ಸೈಟಿನಲ್ಲಿ ಮದುವೆ ಫೋಟೋಗಳ ಜಾಗದಲ್ಲಿ ಜೂಜಿನ ಜಾಹೀರಾತು. ಯಾರೋ ನುಗ್ಗಿದ್ದರು. ಫೋನ್ ಮಾಡಿ ತೊದಲುತ್ತ ವಿಷಯ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ನಮ್ ಕಾಂಪೌಂಡ್ ಮೇಲೆ ಸಿಮೆಂಟ್‌ನವ್ರು ಜಾಹೀರಾತು ಬರೆಸಿದಾಗ ಗೋಡೆಗೆಲ್ಲ ಬಣ್ಣ ಹೊಡೆಸಿಕೊಟ್ರು ಕಣಮ್ಮ. ಇವ್ರು ಏನ್ ಕೊಡ್ತಾರೆ ಕೇಳು."

ಮೊದಲು ನಮ್ಮದೇ

ಜಾಹೀರಾತು ಕಿತ್ತುಹಾಕಿದ ಮೇಲೆ, ಹೊಸ ಆವೃತ್ತಿಯನ್ನು ಮೊದಲು ನಮ್ಮ ಅಂಗಡಿಯ ಸೈಟಿನಲ್ಲೇ ಪರೀಕ್ಷಿಸಿದೆ. "ನಿಮ್ಮ ವೆಬ್‌ಸೈಟ್ ನಮ್ಮಲ್ಲಿ ಸದಾ ಸುರಕ್ಷಿತ" ಎಂದಿದ್ದ ಪುಟ ಪೂರ್ತಿ ಬಿಳಿಯಾಯಿತು. ಊರಲ್ಲಿ ಮಾನ ಹೋಯಿತೆಂದು ಊಟ ಸೇರಲಿಲ್ಲ. ಫೋನ್ ಸದ್ದಾದರೆ ಬೆಚ್ಚಿಬೀಳುತ್ತಿದ್ದೆ. ಸರಿಮಾಡಲು ವಾರ ಹಿಡಿಯಿತು. ಅಷ್ಟು ದಿನವೂ, ಸೈಟ್ ಕಾಣ್ತಿಲ್ಲವಲ್ಲ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಹೆದರಿದ್ದೆಲ್ಲ ದಂಡವಾಯಿತು.

ಹೊಸದು ಬೇಡ

ಅಷ್ಟರಲ್ಲಿ, ನಮಗೆ ಸರ್ವರ್ ಬಾಡಿಗೆ ಕೊಟ್ಟಿರುವ ಹೋಸ್ಟಿಂಗ್ ಕಂಪನಿಯವರು ಹಳೆಯ ಆವೃತ್ತಿಯನ್ನು ಮುಂದಿನ ತಿಂಗಳು ನಿಲ್ಲಿಸುತ್ತೇವೆಂದರು. ಆಷಾಢ ಬಂದಿತ್ತು. ಮದುವೆಗಳಿಲ್ಲ, ಮಂಟಪ ಖಾಲಿ, ಇದೇ ಸಮಯ ಎಂದುಕೊಂಡೆ. ಆಷಾಢದಲ್ಲಿ ಹೊಸದೇನೂ ಬೇಡ ಎಂದರು ಯಜಮಾನರು. ಶ್ರಾವಣಕ್ಕೆ ಮಾಡಲೇ ಎಂದರೆ, ಸೀಸನ್‌ನಲ್ಲಿ ಮುಟ್ಟಲೇಬೇಡ ಎಂದರು.

"ಯಜಮಾನ್ರೇ, ಇದು ತೀರಾ ಹೊಸದಲ್ಲ. ಎಲ್ರೂ ಆಗ್ಲೇ ಬಳಸ್ತಿದಾರೆ. ಆದ್ರೆ ಇದಕ್ಕಿನ್ನೂ ಆಯಸ್ಸಿದೆ," ಎಂದೆ.

ಅವರು ಯೋಚಿಸಿದರು. "ಬಳಸಿರೋದಾದ್ರೆ ಹಾಕು. ದೋಷ ಇಲ್ಲ."

ಬಾಕಿ ಬಿದ್ದ ಮದುವೆಗಳು

ಎಲ್ಲದರ ನಕಲು ತೆಗೆದಿಟ್ಟು, ದೇವರಿಗೆ ಕೈಮುಗಿದು ಬದಲಿಸಿದೆ. ಸೈಟ್ ತೆರೆಯಿತು. ಉಸಿರು ಬಿಡುವಷ್ಟರಲ್ಲಿ ಯಜಮಾನರ ಫೋನ್, ಈಗಿಂದೀಗಲೇ ಮಂಟಪಕ್ಕೆ ಬಾ ಎಂದು. ಸ್ಕೂಟರ್ ಹತ್ತಿ ಓಡಿದೆ.

ಅವರು ಮೊಬೈಲ್ ಮುಂದೆ ಹಿಡಿದರು. ಸೈಟಿನ ಮೂಲಕ ಜನ ಮಂಟಪ ಕೇಳಿ ಕಳಿಸಿದ ಬುಕಿಂಗ್ ಕೋರಿಕೆಗಳು, ಸಾಲುಸಾಲಾಗಿ. ನೋಡುತ್ತಿದ್ದಂತೆ ಗೊತ್ತಾಯಿತು. ಹಳೆಯ ಆವೃತ್ತಿಗೆ ಈಗಿನ ಮೇಲ್ ವ್ಯವಸ್ಥೆಯ ಜೊತೆ ಹೊಂದಿಕೆಯಾಗದೆ, ಕೋರಿಕೆಗಳೆಲ್ಲ ವರ್ಷಗಟ್ಟಲೆ ಸರ್ವರಿನಲ್ಲೇ ಕೊಳೆಯುತ್ತಿದ್ದವು. ಈಗ ದಾರಿ ಸಿಕ್ಕಿ ಒಟ್ಟಿಗೆ ಬಂದಿದ್ದವು. ಎಷ್ಟು ಮದುವೆ ಕೈತಪ್ಪಿದವೋ. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಯಜಮಾನರು ಎಲ್ಲಕ್ಕಿಂತ ಹಳೆಯ ಕೋರಿಕೆಯ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ನಿಮ್ಮ ಮದುವೆಗೆ ಮಂಟಪ ಕೇಳಿದ್ದಿರಲ್ಲ ಎಂದರು. ಆ ಕಡೆಯಿಂದ ಗಂಡಸಿನ ದನಿ ಬಂತು.

"ಸಾರ್, ಅದು ಘಾಟಿ ದೇವಸ್ಥಾನದಲ್ಲಿ ಆಗೋಯ್ತು. ಈಗ ಮಗನಿಗೆ ಕಿವಿ ಚುಚ್ಚಿಸ್ಬೇಕು. ಮಂಟಪ ಖಾಲಿ ಇದ್ಯಾ?"

ಯಜಮಾನರು ನನ್ನನ್ನು ಒಮ್ಮೆ ನೋಡಿದರು.

"ಇದೆ ಕಣಪ್ಪ, ಧಾರಾಳವಾಗಿ ಬಾ. ಆದ್ರೆ ವೆಬ್‌ಸೈಟ್‌ನಲ್ಲಿ ಮಾತ್ರ ಬುಕಿಂಗ್ ಹಾಕ್ಬೇಡ. ಹುಡುಗನ ಮದುವೆ ಹೊತ್ತಿಗೆ ನನಗೆ ಸಿಗುತ್ತೆ."