ಅತ್ತೆಯ ಅರವತ್ತೊಂದು

ಎಲ್ಲ ರಗಳೆಗೂ ಕಾರಣ ಒಂದೇ ಒಂದು ವರ್ಷ. ಉರ್ಕಿಯಾ ಅತ್ತೆಗೆ ಪಾಸ್‌ಪೋರ್ಟಿನ ಪ್ರಕಾರ ಅರವತ್ತು ತುಂಬಿತ್ತು. ಆಮಂತ್ರಣ ಪತ್ರಿಕೆಯಲ್ಲೂ ಅರವತ್ತೆಂದೇ ಇತ್ತು. ಕಿರಿಯ ಅಳಿಯ ಕೆಂಜೆಬೆಕ್ ಅದನ್ನೇ ನಂಬಿಕೊಂಡು ಸುಮ್ಮನಿದ್ದಿದ್ದರೆ ಸಾಕಿತ್ತು.

ಕೆಂಜೆಬೆಕ್ ತರಾಜ್ ಪಟ್ಟಣದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅತ್ತೆಮನೆಯ ಔತಣಗಳಲ್ಲಿ ಅವನ ಜಾಗ ಬಾಗಿಲ ಪಕ್ಕ, ಬಿಚ್ಚಿಟ್ಟ ಬೂಟುಗಳ ನೆರೆಯಲ್ಲಿ. ಗೌರವದ ಮೇಲಿನ ಕೊನೆಯಲ್ಲಿ, ಅತ್ತೆಯ ಬಲಗಡೆ ಕೂರುವವನು ಷಡ್ಡಕ ಮಕ್ಸುತ್. ಅವನು ನೋಟರಿ, ಮೇಲಾಗಿ ಕಾರ್ಪೆಟ್ ಉಡುಗೊರೆ ಕೊಟ್ಟವನು. ಕುದುರೆ ಮಾಂಸದ ತಟ್ಟೆ ಅಲ್ಲಿಂದ ಹೊರಟು ಕೆಂಜೆಬೆಕ್‌ನನ್ನು ತಲುಪುವಷ್ಟರಲ್ಲಿ ಈರುಳ್ಳಿ ಮಾತ್ರ ಉಳಿದಿರುತ್ತಿತ್ತು. ಇವತ್ತು ಸಂಜೆ ಆ ಬಲಗಡೆಯ ದಿಂಬಿನ ಮೇಲೆ ಕೂತೇ ತೀರುವೆನೆಂದು ಅವನು ಹಟ ತೊಟ್ಟಿದ್ದ. ಅದಕ್ಕಾಗಿ ಏಳೇಳು ಪಟ್ಟಿಗಳಿಂದ ಮೂಡುವ, ಮೊಳದುದ್ದದ ಎರಡು ಬೆಳಕಿನ ಅಂಕಿಗಳನ್ನು ಹಲಗೆಗೆ ಬಿಗಿದು, ಬ್ಯಾಟರಿ ಕೂರಿಸಿ, ತನ್ನ ಮನೆಯ ಅಂಗಳದಲ್ಲಿ ಪ್ರೊಸೆಸರ್ ಜೋಡಿಸುತ್ತಿದ್ದ. ಅತ್ತೆಯ ವಯಸ್ಸು ಗೋಡೆಯ ಮೇಲೆ ಝಗಝಗಿಸಬೇಕು. ಕಾರ್ಪೆಟ್ ಝಗಝಗಿಸುತ್ತದೆಯೇ?

ಬೇಲಿಯ ಮೇಲಿಂದ ನೆರೆಮನೆಯ ಸೈಲಾವ್ ಇಣುಕಿದ. ನಿವೃತ್ತ ಬಸ್ ಡ್ರೈವರ್. ಈಗ ಬೇರೆಯವರ ಸಂಸಾರಗಳಿಗೆ ದಾರಿ ತೋರಿಸುವುದೇ ಕೆಲಸ.

"ಅರವತ್ತಾ? ತಪ್ಪು ಮೇಷ್ಟ್ರೇ! ತಾಯಿ ಹೊಟ್ಟೇಲಿದ್ದ ವರ್ಷ ಯಾರ ಲೆಕ್ಕಕ್ಕೆ? ಹಿರೀಕರ ಲೆಕ್ಕದಲ್ಲಿ ಅರವತ್ತೊಂದು. ಹನ್ನೆರಡು ವರ್ಷದ ಸುತ್ತು ಐದು ಮುಗಿದು ಮುಷೆಲ್ ತಿರುಗೋ ವರ್ಷ ಅದು. ಗಂಡಾಂತರದ ವರ್ಷ! ಪ್ರೀತಿಯ ವಸ್ತು ಒಂದನ್ನ ಯಾರಿಗಾದ್ರೂ ಕೊಟ್ಟು ಪೀಡೆ ಕಳ್ಕೋಬೇಕು. ಅಂಥ ಘನವಾದ ವಯಸ್ಸು ಬಿಟ್ಟು ಬರೀ ಅರವತ್ತು ಅಂತೀರಲ್ಲ!"

ಮೇಷ್ಟ್ರಿಗೆ ಹೌದೆನಿಸಿತು. ಅರವತ್ತೊಂದು ಎಂದು ತಿದ್ದಿ ಸ್ವಿಚ್ ಒತ್ತಿದ. ಎಡಗಡೆ ಆರು ಚೆನ್ನಾಗಿಯೇ ಬಂತು. ಬಲಗಡೆ ಒಂದರ ಬದಲು ದೊಡ್ಡದೊಂದು E ಹೊತ್ತಿಕೊಂಡಿತು.

"ಆರು ಇ!" ಸೈಲಾವ್ ಚಪ್ಪಾಳೆ ತಟ್ಟಿದ. "ಮಾರ್ಕೆಟ್ ಬಸ್ಸು! ಇಪ್ಪತ್ತು ವರ್ಷ ನಾನೇ ಓಡಿಸಿದ್ದೀನಿ."

ಸಂತೆಯ ಅಂಗಡಿಯವನು ಎರಡೂ ಅಂಕಿಗಳು ಅವಳಿ ಎಂದು ಆಣೆ ಮಾಡಿ ಮಾರಿದ್ದ. ನೋಡಿದರೆ ಒಂದು ಪ್ಲಸ್ ಜಾತಿ, ಇನ್ನೊಂದು ಮೈನಸ್ ಜಾತಿ. ಪ್ರೊಸೆಸರ್ ಹೊತ್ತಿಕೋ ಎಂದರೆ ಬಲಗಡೆಯ ಅಂಕಿಯ ಪಟ್ಟಿಗಳು ಆರುತ್ತಿದ್ದವು, ಆರಿಹೋಗು ಎಂದರೆ ಹೊತ್ತಿಕೊಳ್ಳುತ್ತಿದ್ದವು. ಥೇಟ್ ಅತ್ತೆಯ ಸ್ವಭಾವ.

"ರೀ, ಐದು ಗಂಟೆಗೆ ಊಟ," ಹೆಂಡತಿ ಬಿಬಿನೂರ್ ಒಳಗಿಂದ ಕೂಗಿದಳು. "ನೀವೂ ಒಂದು ಕಾರ್ಪೆಟ್ ತಂದ್ಬಿಡಿ, ಮಾನ ಉಳಿಯುತ್ತೆ."

"ಸತ್ತರೂ ತರಲ್ಲ!"

ಬಲಗಡೆಯ ಅಂಕಿಗೆ ಮಾತ್ರ ಎಲ್ಲ ಆಜ್ಞೆಯನ್ನೂ ಉಲ್ಟಾ ಬರೆದ. ಅಷ್ಟರಲ್ಲಿ ಸಹಾಯಕ್ಕೆಂದು ಸೈಲಾವ್ ಒಂದು ವೈರು ಎಳೆದ. ಮೂರು ಪಟ್ಟಿಗಳು ಸತ್ತವು. ಕೆಂಜೆಬೆಕ್ ಹಲ್ಲು ಕಚ್ಚಿ ಮತ್ತೆ ಬೆಸುಗೆ ಹಾಕಿದ, ಎರಡು ಬೆರಳು ಸುಟ್ಟುಕೊಂಡ, ಎದ್ದೇಳಲಿಲ್ಲ. ನಾಲ್ಕು ಗಂಟೆಗೆ 61 ಕೆಂಪಗೆ ಬೆಳಗಿತು. ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂತು.

ಬಟ್ಟೆ ಮುಚ್ಚಿದ ಹಲಗೆಯನ್ನು ಹೊತ್ತು ಅತ್ತೆಮನೆಗೆ ಬಂದಾಗ ಮಕ್ಸುತ್ ಬಾಗಿಲಲ್ಲೇ ಸಿಕ್ಕಿದ. "ಕೊಡು ತಮ್ಮಾ, ನಾನು ನೇತುಹಾಕ್ತೀನಿ. ನೀನು ಆ ಮಸಿ ಕೈ ತೊಳ್ಕೋ."

ನೆಂಟರೆಲ್ಲ ಕೂತ ಮೇಲೆ ಬಟ್ಟೆ ಎಳೆದರು, ಪದ್ಧತಿಯಂತೆ ಮಿಠಾಯಿ ಎರಚಿದರು. ಗೋಡೆಯ ಮೇಲೆ ಮಿನುಗುತ್ತಿದ್ದದ್ದು 19.

ಕೆಂಜೆಬೆಕ್ ಸ್ಟೂಲು ಎಳೆದುಕೊಂಡ. ತಲೆಕೆಳಗು! ಹನ್ನೆರಡು ವರ್ಷದ ಮೇಲೆ ಒಂದು ಅವಕಾಶ, ಅದೂ ತಲೆಕೆಳಗು! ಆಗ ಅವನೊಮ್ಮೆ ಅತ್ತೆಯ ಮುಖ ನೋಡಬೇಕಿತ್ತು. ಅತ್ತೆ ಹೊಸ ಮದುಮಗಳಂತೆ ತಲೆವಸ್ತ್ರದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಹತ್ತೊಂಬತ್ತಂತೆ! ಈ ಮನೇಲಿ ಒಬ್ಬ ಅಳಿಯನಿಗಾದ್ರೂ ಕಣ್ಣಿದೆಯಲ್ಲ! ಎಲ್ಲಿ ಅವರು? ಇಲ್ಲಿ ಬಂದು ಕೂತ್ಕೊಳ್ಳಲಿ," ಎಂದು ಬಲಗಡೆಯ ದಿಂಬು ತಟ್ಟುತ್ತಿದ್ದರು. ಮಕ್ಸುತ್ ಆಗಲೇ ತಟ್ಟೆ ಎತ್ತಿಕೊಂಡು ಸರಿಯುತ್ತಿದ್ದ. ಆದರೆ ಚಪ್ಪಾಳೆಯ ಗದ್ದಲದಲ್ಲಿ ಕೆಂಜೆಬೆಕ್‌ಗೆ ಅದೊಂದೂ ಕೇಳಿಸಲಿಲ್ಲ. ಅವನು ಸ್ಟೂಲು ಹತ್ತಿಯಾಗಿತ್ತು.

"ಕ್ಷಮಿಸಿ ಅತ್ತೆ, ತಪ್ಪಾಗಿದೆ! ಒಂದೇ ನಿಮಿಷ!"

ಹಲಗೆ ತಿರುಗಿತು. 61. ಚಪ್ಪಾಳೆ ನಿಂತಿತು.

"ಕಾರ್ಡಲ್ಲಿರೋದು ಅರವತ್ತು," ಅತ್ತೆ ಮೆಲ್ಲಗೆ ಹೇಳಿದರು. "ಇನ್ನೊಂದು ಎಲ್ಲಿಂದ ತಂದ್ರಿ, ಅಳಿಯಂದಿರೇ?"

"ತಾಯಿ ಹೊಟ್ಟೇಲಿದ್ದ ವರ್ಷ, ಅತ್ತೆ... ಮುಷೆಲ್..."

ಮಕ್ಸುತ್‌ನ ತಟ್ಟೆ ಇದ್ದಲ್ಲಿಗೇ ವಾಪಸಾಯಿತು.

"ಓಹೋ, ಮುಷೆಲ್ಲಾ! ಹಾಗಾದ್ರೆ ಪೀಡೆ ಕಳೀಲೇಬೇಕು." ಅತ್ತೆ ಎದ್ದು ಬಂದು, ಹಲಗೆ ಬಿಚ್ಚಿಸಿ, ಎಲ್ಲರೆದುರು ಅದನ್ನು ಅವನ ಕೈಗೇ ಇಟ್ಟರು. "ತಗೊಳ್ಳಿ. ನಂಗೆ ತುಂಬಾ ಪ್ರೀತಿಯ ವಸ್ತುವಾಗಿತ್ತು ಇದು. ಒಂದೇ ಒಂದು ನಿಮಿಷ."

ಕೆಂಜೆಬೆಕ್ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೂಟುಗಳ ಪಕ್ಕ ಕೂತ. ಬ್ಯಾಟರಿ ಇನ್ನೂ ಗಟ್ಟಿಯಾಗಿತ್ತು. ಮೇಲಿನ ಕೊನೆಯಿಂದ ನೋಡುವವರಿಗೆ ಅರವತ್ತೊಂದು. ಅವನು ಕೂತ ಕಡೆಯಿಂದ ಹತ್ತೊಂಬತ್ತು. ಅಷ್ಟರಲ್ಲಿ ಈರುಳ್ಳಿಯ ತಟ್ಟೆ ಬಂತು.